ಆರು ವಾರದ ಮಗು ಸಂಜೆಯಿಡೀ ಎದೆ ಬಿಡಲ್ಲ, ಪಂಪಿಗೆ ಬರೋದು 35 ಎಂಎಲ್. ಹಾಲು ಕಡಿಮೆಯಾಗಿದೆಯಾ?

ಸಂಜೆಮಲ್ಲಿಗೆ:

ಮಗಳಿಗೆ ಈಗ 6 ವಾರ, ಪೂರ್ತಿ ಎದೆಹಾಲೇ. ಹುಟ್ಟಿದಾಗ 2.9 ಕೆ.ಜಿ., ಎರಡು ವಾರಕ್ಕೆ 3.0, ನಿನ್ನೆ ತೂಗಿದಾಗ 3.8. ಹಗಲಲ್ಲಿ ಎರಡೆರಡು ಗಂಟೆಗೆ ಕುಡಿದು ಸುಮ್ಮನಿರ್ತಾಳೆ. ಸಂಜೆ 5ಕ್ಕೆ ಶುರುವಾದರೆ ರಾತ್ರಿ 10ರವರೆಗೂ ಇದೇ: ಹತ್ತು ನಿಮಿಷ ಕುಡಿಯೋದು, ಬಿಡೋದು, ಅಳೋದು, ಮತ್ತೆ ಎದೆಗೇ ಬರೋದು. ಒಂದು ವಾರದಿಂದ ಎದೆ ಮೊದಲಿನ ಹಾಗೆ ತುಂಬಿ ಭಾರ ಆಗ್ತಿಲ್ಲ, ಹಾಲು ಸೋರೋದೂ ನಿಂತಿದೆ. ಎಷ್ಟಿದೆ ನೋಡೋಣ ಅಂತ ಕುಡಿಸಿದ ಒಂದು ಗಂಟೆ ಮೇಲೆ ಪಂಪ್ ಮಾಡಿದರೆ ಎರಡೂ ಕಡೆ ಸೇರಿ 35 ಎಂಎಲ್. ದಿನಕ್ಕೆ 7 ಡೈಪರ್ ಒದ್ದೆ ಆಗುತ್ತೆ. ಕಕ್ಕ ಮಾತ್ರ ಈ ವಾರದಿಂದ ಮೂರು ದಿನಕ್ಕೊಮ್ಮೆ, ಮೆತ್ತಗೇ ಇರುತ್ತೆ. ಮನೆಯಲ್ಲಿ ಎಲ್ಲರೂ ಸಂಜೆ ಹೊತ್ತು ಒಂದು ಬಾಟಲಿ ಪುಡಿಹಾಲು ಕೊಡು ಅಂತಾರೆ.

ಇನ್ನೆರಡು ವಿಷಯ. ಬಲಗಡೆ ಎದೆಯ ಹೊರಬದಿಯಲ್ಲಿ ಗೋಲಿಯಷ್ಟು ಗಂಟು, ಮುಟ್ಟಿದರೆ ನೋವು, ಜ್ವರ ಇಲ್ಲ. ದೊಡ್ಡವನಿಗೆ 22 ತಿಂಗಳು, ಅವನೂ ಇನ್ನೂ ಕುಡೀತಾನೆ. ತಂಗಿ ಕುಡಿಯುವಾಗಲೆಲ್ಲ ಬಂದು ನಿಲ್ತಾನೆ, ಈ ವಾರ ಎರಡು ಸಲ ಕಚ್ಚಿದ. ಅವನಿಂದ ಚಿಕ್ಕದಕ್ಕೆ ಹಾಲು ಸಾಲದೆ ಹೋಗ್ತಿದೆಯಾ?

ಮಡಿಲು:

ನೀವೇ ಕೊಟ್ಟ ಅಂಕಿಗಳಲ್ಲಿ ಉತ್ತರ ಇದೆ. ನಾಲ್ಕು ವಾರದಲ್ಲಿ 800 ಗ್ರಾಂ, ಅಂದರೆ ವಾರಕ್ಕೆ 200. ಮೊದಲ ಮೂರು ತಿಂಗಳು ವಾರಕ್ಕೆ 150ರಿಂದ 200 ಗ್ರಾಂ ಏರಿದರೆ ಮಗು ಚೆನ್ನಾಗಿ ಕುಡೀತಿದೆ ಅಂತಲೇ ಅರ್ಥ. ಹುಟ್ಟಿದಾಗಿನ ತೂಕಕ್ಕೆ 10–14 ದಿನದಲ್ಲಿ ವಾಪಸ್ ಬರಬೇಕು, ಅದೂ ಬಂದಿದೆ. ದಿನಕ್ಕೆ ಆರು ಡೈಪರ್ ಚೆನ್ನಾಗಿ ಒದ್ದೆಯಾದರೆ ಸಾಕು, ನಿಮ್ಮಲ್ಲಿ ಏಳಿದೆ. ಹಾಲು ಕಡಿಮೆಯಾಗಿಲ್ಲ.

ಎದೆ ಮೆತ್ತಗಾಗಿದ್ದು ಯಾಕೆ ಅಂದರೆ, ಹೆರಿಗೆಯಾದ ಹೊಸದರಲ್ಲಿ ಹಾಲು ಹಾರ್ಮೋನಿನ ಜೋರಿಗೆ ಬರುತ್ತೆ, ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತೆ. ಆಗಿನ ಭಾರದಲ್ಲಿ ಹಾಲಿನ ಜೊತೆ ಊತವೂ ಸೇರಿರುತ್ತೆ. ಆರನೇ ವಾರದ ಹೊತ್ತಿಗೆ ಲೆಕ್ಕ ಬದಲಾಗುತ್ತೆ: ಮಗು ಎಷ್ಟು ಎಳೆಯುತ್ತೋ ಅಷ್ಟೇ ತಯಾರಾಗುತ್ತೆ. ಊತ ಇಳಿಯುತ್ತೆ, ಸೋರೋದು ನಿಲ್ಲುತ್ತೆ. ಹಾಲು ನಿಂತೇ ಹೋಯಿತು ಅಂತ ಎಷ್ಟೋ ತಾಯಂದಿರು ಬಾಟಲಿಗೆ ಕೈಹಾಕೋದು ಸರಿಯಾಗಿ ಈ ವಾರದಲ್ಲೇ. ಇದನ್ನು ಹೆರಿಗೆಯಾದವರಿಗೆಲ್ಲ ಮೊದಲೇ ಹೇಳಿ ಕಳಿಸಬೇಕು.

ಸಂಜೆಯ ಕಥೆಯೂ ಇದಕ್ಕೇ ಸೇರಿದ್ದು. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚು, ಹಗಲು ಕಡಿಮೆ. ಸಂಜೆಗೆ ಎದೆಯಲ್ಲಿ ಸಂಗ್ರಹ ಸಣ್ಣದಾಗಿರುತ್ತೆ, ಆದರೆ ಆ ಹಾಲಿನಲ್ಲಿ ಕೊಬ್ಬಿನಂಶ ಜಾಸ್ತಿ. ಮಗು ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತೆ. ಎದೆ ಯಾವತ್ತೂ ಪೂರ್ತಿ ಬರಿದಾಗಲ್ಲ. ಹಾಲು ತುಂಬಿ ನಿಂತಷ್ಟೂ ತಯಾರಿ ನಿಧಾನ, ತೆಗೆದಷ್ಟೂ ಚುರುಕು.

ಸಂಜೆಯ ಬಾಟಲಿ ಕೆಲಸ ಕೆಡಿಸೋದು ಇಲ್ಲೇ. 60 ಎಂಎಲ್ ಪುಡಿಹಾಲು ಕುಡಿದ ಮಗು ಮೂರು ಗಂಟೆ ಮಲಗುತ್ತೆ. ಅಷ್ಟು ಹೊತ್ತು ಎದೆ ತುಂಬಿ ಕೂತಿರುತ್ತೆ, ಈ ಹೊತ್ತಿಗೆ ಇಷ್ಟು ಬೇಡ ಅಂತ ಮೈ ತಿಳಿಯುತ್ತೆ. ನಾಲ್ಕು ದಿನ ಹೀಗೇ ಆದರೆ ನಿಜಕ್ಕೂ ಕಡಿಮೆಯಾಗುತ್ತೆ. ಕೊಡಲೇಬೇಕಾದ ಸಂದರ್ಭ ಬಂದರೆ ಮಗು ಬಾಟಲಿ ಕುಡಿಯುವ ಹೊತ್ತಿಗೇ ನೀವು ಪಂಪ್ ಮಾಡಿ.

ಮಗು ಕುಡೀತಿದೆಯಾ, ಬರೀ ಚೀಪ್ತಿದೆಯಾ ಅಂತ ತಿಳಿಯೋಕೆ ಗದ್ದ ನೋಡಿ. ಮೊದಲ ಒಂದು ನಿಮಿಷ ಚಿಕ್ಕ ಚಿಕ್ಕ, ಬೇಗ ಬೇಗ ಚೀಪುತ್ತೆ. ಹಾಲು ಇಳಿದ ಮೇಲೆ ಲಯ ನಿಧಾನ: ಬಾಯಿ ಅಗಲವಾಗಿ ತೆರೆಯುತ್ತೆ, ಗದ್ದ ಕೆಳಗಿಳಿದು ಅರೆಗಳಿಗೆ ಅಲ್ಲೇ ನಿಲ್ಲುತ್ತೆ, ಆಮೇಲೆ ಮುಚ್ಚುತ್ತೆ. ಆ ನಿಲುಗಡೆಯಲ್ಲೇ ಬಾಯಿ ತುಂಬೋದು. ಗಂಟಲಿನಿಂದ ಮೆಲ್ಲಗೆ ‘ಕ್ಹ’ ಅನ್ನೋ ಸದ್ದು ಕೇಳುತ್ತೆ. ಗದ್ದ ಬರೀ ನಡುಗಿದ ಹಾಗೆ ಆಡೋಕೆ ಶುರುವಾದರೆ ಎದೆಯನ್ನು ಅದುಮಿ ಹಿಡಿಯಿರಿ: ಮೇಲೆ ಹೆಬ್ಬೆರಳು, ಕೆಳಗೆ ನಾಲ್ಕು ಬೆರಳು, ತೊಟ್ಟಿನ ಸುತ್ತಲ ಕಪ್ಪು ವರ್ತುಲದಿಂದ ದೂರ, ನೋವಾಗದ ಹಾಗೆ. ಮಗು ಎಳೆಯುವವರೆಗೆ ಹಾಗೇ ಹಿಡಿದಿದ್ದು, ನಿಲ್ಲಿಸಿದಾಗ ಬಿಡಿ. ಅದಕ್ಕೂ ನುಂಗದಿದ್ದರೆ ಇನ್ನೊಂದು ಕಡೆ ಹಾಕಿ. ಸಂಜೆ ಹೊತ್ತು ಒಂದೇ ಸಲಕ್ಕೆ ಎರಡೆರಡು ಸುತ್ತು ಬದಲಾಯಿಸಬಹುದು.

ಕಕ್ಕದ ಬಗ್ಗೆ: ಮೊದಲ ತಿಂಗಳಲ್ಲಿ ಮೂರು ದಿನ ಆಗದಿದ್ದರೆ ಹಾಲು ಸಾಲ್ತಿಲ್ಲವೇನೋ ಅಂತ ನೋಡಲೇಬೇಕಿತ್ತು. ಆರು ವಾರದ ಆಸುಪಾಸಿನಲ್ಲಿ ಎದೆಹಾಲಿನ ಮಕ್ಕಳಿಗೆ ಅಂತರ ಹೆಚ್ಚಾಗೋದು ಸಹಜ. ಮೆತ್ತಗಿದ್ದು ತೂಕ ಏರ್ತಿದ್ದರೆ ಏನೂ ಮಾಡಬೇಡಿ.

ಚಿಂತೆ ಮಾಡಬೇಕಾದ ಗುರುತುಗಳು ಬೇರೆ: ದಿನಕ್ಕೆ 20 ಗ್ರಾಂ ಕೂಡ ಏರದ ತೂಕ, ಆರಕ್ಕಿಂತ ಕಡಿಮೆ ಒದ್ದೆ ಡೈಪರ್, ಗಾಢ ಬಣ್ಣದ ಮೂತ್ರ, ಎದೆಗೆ ಹಾಕಿದ ಕೂಡಲೇ ನಿದ್ದೆಗೆ ಜಾರುವ ಮಗು, ಕುಡಿದ ಮೇಲೆ ಚಪ್ಪಟೆಯಾಗಿ ಓರೆಯಾಗಿ ಹೊರಬರುವ ತೊಟ್ಟು. ಆಗ ಮೊದಲು ಮಗು ಬಾಯಿ ಹಾಕುವ ರೀತಿ ಮತ್ತು ನಾಲಿಗೆಯ ಕೆಳಗಿನ ಪೊರೆ ನೋಡಿಸಬೇಕು. ಆಮೇಲೆ ತಾಯಿಯ ಥೈರಾಯ್ಡ್, ಗರ್ಭದಲ್ಲಿ ಉಳಿದಿರಬಹುದಾದ ಮಾಸಿನ ಚೂರು. ಔಷಧದ ಪೆಟ್ಟಿಗೆಯನ್ನೂ ತಿರುಗಿಸಿ ನೋಡಿ. ನೆಗಡಿ ಮಾತ್ರೆಯಲ್ಲಿ ಸ್ಯೂಡೋಎಫೆಡ್ರಿನ್ ಇದ್ದರೆ, ಗರ್ಭನಿರೋಧಕ ಗುಳಿಗೆಯಲ್ಲಿ ಈಸ್ಟ್ರೋಜನ್ ಇದ್ದರೆ ಹಾಲು ಕಡಿಮೆಯಾಗಬಹುದು.

ನೀಲಿಪತ್ತಲ:

ಗಂಟಿಗೆ ಬಿಸಿನೀರಿನ ಬಟ್ಟೆ ಇಟ್ಟು, ಬಾಚಣಿಗೆಯ ಬೆನ್ನಿನಿಂದ ತೊಟ್ಟಿನ ಕಡೆಗೆ ಬಲವಾಗಿ ತಿಕ್ಕಿ, ಪಂಪಿನಿಂದ ಪೂರ್ತಿ ಖಾಲಿ ಮಾಡಿ. ಒಡೆದು ಹೋಗುತ್ತೆ.

ಅಂಗಳದ ದೀಪ:

ನೀಲಿಪತ್ತಲ ಅವರೇ, ತುಂಬಾ ವರ್ಷ ಎಲ್ಲರೂ ಇದನ್ನೇ ಹೇಳುತ್ತಿದ್ದರು, ಆದರೆ ದಯವಿಟ್ಟು ಇನ್ನು ಮೇಲೆ ಯಾರಿಗೂ ಹೇಳಬೇಡಿ. ಎದೆಹಾಲೂಡಿಕೆಯ ವೈದ್ಯರ ಸಂಸ್ಥೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊರತಂದ 36ನೇ ಮಾರ್ಗಸೂಚಿ ಈ ಮೂರನ್ನೂ ಬದಲಾಯಿಸಿತು. ಆ ಗಂಟು ನಲ್ಲಿಯಲ್ಲಿ ಸಿಕ್ಕಿಕೊಂಡ ಕಸದಂಥದ್ದಲ್ಲ. ಹಾಲಿನ ನಾಳದ ಸುತ್ತಲ ಅಂಗಾಂಶ ಊದಿ, ಹೊರಗಿನಿಂದ ನಾಳವನ್ನು ಒತ್ತುತ್ತಿರುತ್ತೆ. ತಿಕ್ಕಿದರೆ ಊತ ಇನ್ನೂ ಹೆಚ್ಚುತ್ತೆ, ಒಳಗೆ ಗಾಯವೂ ಆಗುತ್ತೆ. ಪಂಪಿನಿಂದ ಖಾಲಿ ಮಾಡಲು ಹೋದರೆ ಹಾಲು ಇನ್ನಷ್ಟು ತಯಾರಾಗಿ ಅದೇ ಜಾಗಕ್ಕೆ ಒತ್ತಡ ಬೀಳುತ್ತೆ.

ಮಾಡಬೇಕಾದ್ದು: ತೆಳು ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ, ಸಾಧ್ಯವಾದರೆ ಗಂಟೆಗೊಮ್ಮೆ. ಮಗುವಿಗೆ ಎಂದಿನಂತೆ ಎರಡೂ ಕಡೆ ಕುಡಿಸಿ, ಬಲಗಡೆಗೆ ಹೆಚ್ಚೂ ಬೇಡ ಕಡಿಮೆಯೂ ಬೇಡ. ಕೈ ಆಡಿಸುವುದಾದರೆ ಬೆಕ್ಕಿನ ಬೆನ್ನು ಸವರುವಷ್ಟೇ ಹಗುರಾಗಿ, ಅದೂ ತೊಟ್ಟಿನ ಕಡೆಗಲ್ಲ, ಕಂಕುಳ ಕಡೆಗೆ. ಚರ್ಮದಡಿಯ ಊತದ ನೀರು ಹರಿದುಹೋಗುವುದು ಆ ದಿಕ್ಕಿಗೆ. ನೋವಿಗೆ ಐಬುಪ್ರೊಫೇನ್ ಹಾಲೂಡಿಸುವಾಗ ತೆಗೆದುಕೊಳ್ಳಬಹುದು, ಊತವನ್ನೂ ಇಳಿಸುತ್ತೆ. ಹೊಟ್ಟೆಯ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಬೇಡ. ಎದೆಯನ್ನು ಒಂದೇ ಕಡೆ ಒತ್ತುವ ಬಿಗಿ ಬ್ರಾ, ಭುಜದಿಂದ ಅಡ್ಡ ಬರುವ ಚೀಲದ ಪಟ್ಟಿ ಇದ್ದರೆ ತೆಗೆಯಿರಿ.

ಚರ್ಮ ಕೆಂಪಾಗಿ ಹರಡುತ್ತಿದ್ದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ, ಮೈಕೈ ನೋವು ಬಂದು 24 ಗಂಟೆಯಲ್ಲಿ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ. ತುಂಬಾ ಸುಸ್ತಾಗಿದ್ದರೆ ಅಷ್ಟೂ ಕಾಯಬೇಡಿ. ಆಗಲೂ ಆ ಎದೆಯಿಂದಲೇ ಕುಡಿಸಬಹುದು, ಮಗುವಿಗೆ ಏನೂ ಆಗಲ್ಲ. ಥಟ್ಟನೆ ನಿಲ್ಲಿಸಿದರೆ ಕೀವು ಕಟ್ಟುವ ಅಪಾಯ ಹೆಚ್ಚು. ಜ್ವರವೇ ಇಲ್ಲದೆ ಗಂಟು ಎರಡು ವಾರವಾದರೂ ಕರಗದಿದ್ದರೆ ಸ್ಕ್ಯಾನ್ ಮಾಡಿಸಿ, ಹಾಲಿನದೇ ಇರಬೇಕು ಅಂತ ಬಿಡಬೇಡಿ.

ಕಾಮನಬಿಲ್ಲು:

ಪಂಪಿನ ಮಾತು ನಾನು ಹೇಳ್ತೀನಿ. ಪೂರ್ತಿ ಎದೆಹಾಲು ಕುಡಿಸುವವರು ಮಧ್ಯೆ ಪಂಪ್ ಮಾಡಿದಾಗ ಎರಡೂ ಕಡೆ ಸೇರಿ 15ರಿಂದ 60 ಎಂಎಲ್ ಬರೋದೇ ಮಾಮೂಲು. ಮಗು ಕುಡಿದ ಒಂದೇ ಗಂಟೆಗೆ 35 ಬಂದಿದೆ ಅಂದರೆ ಒಳ್ಳೆಯದೇ. ಚೆನ್ನಾಗಿ ಕುಡಿಯುವ ಮಗು ಎಳೆಯುವಷ್ಟು ಪಂಪ್ ಸಾಮಾನ್ಯವಾಗಿ ಎಳೆಯಲ್ಲ, ಹಾಗಾಗಿ ಅದು ಹಾಲು ಅಳೆಯುವ ಸಾಧನವೇ ಅಲ್ಲ. ಅಳೆಯಲೇಬೇಕಿದ್ದರೆ 2 ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿಯಲ್ಲಿ, ಅದೇ ಬಟ್ಟೆ ಅದೇ ಡೈಪರಿನಲ್ಲಿ, ಕುಡಿಯುವ ಮುಂಚೆ ಮತ್ತು ಕುಡಿದ ಮೇಲೆ ತೂಗಿ. ಒಂದು ಗ್ರಾಂ ಹೆಚ್ಚಿದರೆ ಹೆಚ್ಚುಕಮ್ಮಿ ಒಂದು ಎಂಎಲ್. ಒಂದು ಸಲದ ಲೆಕ್ಕ ನಂಬಬೇಡಿ, ಇಡೀ ದಿನದ್ದು ಕೂಡಿಸಿ.

ಆದರೂ ಪಂಪ್ ಸರಿಯಾಗಿ ಎಳೆಯುತ್ತಿದೆಯಾ ನೋಡಿ. ತೊಟ್ಟಿನ ಬುಡದ ಅಗಲ ಮಿಲಿಮೀಟರಿನಲ್ಲಿ ಅಳೆಯಿರಿ, ಕಪ್ಪು ಭಾಗ ಬಿಟ್ಟು. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಅಥವಾ 28 ಎಂಎಂ ಫ್ಲೇಂಜ್ (ಎದೆಗೆ ಇಡುವ, ಕೊಳವೆಯಿರುವ ಬಟ್ಟಲು) ಬರುತ್ತೆ, ಎಷ್ಟೋ ಜನಕ್ಕೆ ಅದು ದೊಡ್ಡದು. ಕೊಳವೆಯೊಳಗೆ ತೊಟ್ಟಿನ ಜೊತೆ ಕಪ್ಪು ಭಾಗವೂ ತುಂಬಾ ಎಳೆದುಕೊಂಡು ಹೋಗ್ತಿದ್ದರೆ ಚಿಕ್ಕ ಅಳತೆ ಬೇಕು. ತೊಟ್ಟು ಗೋಡೆಗೆ ಉಜ್ಜಿ ಬೆಳ್ಳಗಾಗ್ತಿದ್ದರೆ ದೊಡ್ಡದು ಬೇಕು. ಮೊದಲ ಎರಡು ನಿಮಿಷ ಬೇಗದ ಹಗುರ ಮೋಡ್, ಹಾಲು ಇಳಿದ ಮೇಲೆ ನಿಧಾನದ ಮೋಡ್. ಹೀರುವ ಬಲವನ್ನು ನೋವಾಗುವ ಹಂತಕ್ಕೆ ಏರಿಸಿದರೆ ಹಾಲು ಇಳಿಯೋದೇ ನಿಲ್ಲುತ್ತೆ. ಮೊದಲು ಬರುತ್ತಿದ್ದು ಈಗ ಇದ್ದಕ್ಕಿದ್ದಂತೆ ಕಡಿಮೆ ಅಂದರೆ ವಾಲ್ವ್ ನೋಡಿ. ಬಾತುಕೋಳಿ ಕೊಕ್ಕಿನ ಹಾಗಿರುವ ಆ ಸಿಲಿಕೋನ್ ತುಂಡಿನ ಸೀಳು ಬೆಳಕಿಗೆ ಹಿಡಿದಾಗ ಬಿಟ್ಟುಕೊಂಡಿದ್ದರೆ ಅದರ ಕಾಲ ಮುಗಿದಿದೆ. ಅದರೊಳಗೆ ಬ್ರಷ್ ಹಾಕಿ ತೊಳೆಯೋದರಿಂದಲೇ ಹರಿಯೋದು ಹೆಚ್ಚು.

ತೆಗೆದ 35 ಎಂಎಲ್ ಚೆಲ್ಲಬೇಡಿ. 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಹಿಂಬದಿಯಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು ಇಡಬಹುದು. ಕರಗಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಿ, ಮತ್ತೆ ಫ್ರೀಜ್ ಮಾಡಬೇಡಿ. ಮಗು ಬಾಯಿಟ್ಟು ಉಳಿಸಿದ್ದಕ್ಕೆ 2 ಗಂಟೆ ಮಾತ್ರ.

ಮಡಿಲು:

ದೊಡ್ಡವನ ವಿಷಯ ಬಿಟ್ಟೇಹೋಯಿತು. ಅವನು ಕುಡಿದರೆ ತಂಗಿಗೆ ಕಡಿಮೆಯಾಗಲ್ಲ, ಇಬ್ಬರು ಎಳೆದರೆ ಇಬ್ಬರಿಗಾಗುವಷ್ಟು ತಯಾರಾಗುತ್ತೆ. ಮೊದಲು ಚಿಕ್ಕದಕ್ಕೆ, ಆಮೇಲೆ ಅವನಿಗೆ ಅನ್ನೋದೊಂದನ್ನು ಪಾಲಿಸಿ. ಅವಳಿಗೆ ಬೇರೆ ಆಹಾರ ಇಲ್ಲ, ಅವನಿಗಿದೆ. ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ 2 ವರ್ಷ ಮತ್ತು ಅದಕ್ಕೂ ಮುಂದೆ ಅನ್ನುತ್ತೆ. ಅದಕ್ಕೇ ಅವನನ್ನು ತರಾತುರಿಯಲ್ಲಿ ಬಿಡಿಸಬೇಕಿಲ್ಲ.

ಕಚ್ಚೋದನ್ನು ಹತ್ತಿರದಿಂದ ಗಮನಿಸಿ. ನಿಜವಾಗಿ ಕುಡಿಯುವಾಗ ಕಚ್ಚೋಕೆ ಆಗಲ್ಲ, ನಾಲಿಗೆ ಕೆಳಗಿನ ಹಲ್ಲಿನ ಮೇಲೆ ಚಾಚಿಕೊಂಡಿರುತ್ತೆ. ಕಚ್ಚೋದು ಕೊನೆಯಲ್ಲಿ, ಕುಡಿದು ಮುಗಿದು ನಾಲಿಗೆ ಹಿಂದಕ್ಕೆ ಸರಿದಾಗ. ದವಡೆ ಬಿಗಿಯಾಗುತ್ತೆ, ಕಣ್ಣು ಆ ಕಡೆ ಈ ಕಡೆ ಹೊರಳುತ್ತೆ, ತೊಟ್ಟು ಬಾಯಿಯ ಮುಂದಕ್ಕೆ ಜಾರುತ್ತೆ. ಆ ಗಳಿಗೆಯಲ್ಲಿ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ, ಬಿಡಿಸಿ. ಕಚ್ಚಿಯೇಬಿಟ್ಟರೆ ಎಳೆಯಬೇಡಿ, ತೊಟ್ಟು ಸೀಳುತ್ತೆ. ಅವನ ತಲೆಯನ್ನು ಎದೆಗೆ ಒಂದಿಷ್ಟು ಹತ್ತಿರ ಒತ್ತಿಕೊಂಡರೆ ಉಸಿರಿಗಾಗಿ ತಾನೇ ಬಾಯಿ ಬಿಡುತ್ತಾನೆ. “ಕಚ್ಚಿದರೆ ಅಮ್ಮನಿಗೆ ನೋವಾಗುತ್ತೆ, ಹಾಲು ಸಾಕು” ಅಂತ ಸಣ್ಣ ದನಿಯಲ್ಲಿ ಹೇಳಿ ಅಲ್ಲಿಗೆ ಮುಗಿಸಿ. ಕಿರುಚಿದರೆ ಕೆಲವು ಮಕ್ಕಳಿಗೆ ಅದೇ ಆಟವಾಗುತ್ತೆ, ಕೆಲವು ಹೆದರಿ ನಾಲ್ಕು ದಿನ ಎದೆಯ ಹತ್ತಿರವೇ ಬರಲ್ಲ.

ಕಡಿಮೆ ಮಾಡಬೇಕು ಅನ್ನಿಸಿದರೆ ನೀವಾಗಿ ಕರೆಯಬೇಡಿ, ಕೇಳಿದಾಗ ಇಲ್ಲ ಅನ್ನಬೇಡಿ, ಹತ್ತು ಎಣಿಸುವವರೆಗೆ ಅಂತ ಲೆಕ್ಕ ಇಡಿ. ಎರಡು ವರ್ಷದ ಮಗುವಿಗೆ ಎಣಿಕೆ ಬೇಗ ಒಗ್ಗುತ್ತೆ.

ಸಂಜೆಮಲ್ಲಿಗೆ:

ಎಲ್ಲರಿಗೂ ವಂದನೆ. ಪುಡಿಹಾಲು ತರಿಸಲ್ಲ. ಅಳೆದು ನೋಡಿದೆ, ತೊಟ್ಟು 16 ಎಂಎಂ, ಫ್ಲೇಂಜ್ 24! ಐಸ್ ಇಟ್ಟ ಮೇಲೆ ಗಂಟು ಮೆತ್ತಗಾಗಿದೆ. ಆದರೆ ಅದೇ ಕಡೆ ತೊಟ್ಟಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಇದೆ, ಮಗು ಬಾಯಿಟ್ಟಾಗ ಚುಚ್ಚುತ್ತೆ. ಸೂಜಿಯಿಂದ ತೆಗೆಯಬಹುದಾ?

ಅಂಗಳದ ದೀಪ:

ಸೂಜಿ ಬೇಡವೇ ಬೇಡ. ಒಳಗಿನ ಊತವೇ ನಾಳದ ಬಾಯಿಗೆ ಬಂದು ಹಾಗೆ ಕಾಣುತ್ತೆ. ಚುಚ್ಚಿದರೆ ಗಾಯದ ಕಲೆ ಕಟ್ಟಿ ನಾಳವೇ ಮುಚ್ಚಬಹುದು, ಸೋಂಕೂ ಆಗಬಹುದು. ಐಸ್ ಮುಂದುವರಿಸಿ, ಉಜ್ಜಬೇಡಿ, ಕುಡಿಸುತ್ತಿರಿ. ಹೋಗದೆ ಕಾಡಿದರೆ ವೈದ್ಯರು ಹಚ್ಚಲು ಸ್ಟೀರಾಯ್ಡ್ ಮುಲಾಮು ಬರೆದುಕೊಡುತ್ತಾರೆ. ಕುಡಿಸಿದ ಮೇಲೆ ಅತಿ ತೆಳುವಾಗಿ ಹಚ್ಚಿ, ಮುಂದಿನ ಸಲ ಮಗುವಿಗೆ ಕೊಡುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊಸ ಫ್ಲೇಂಜ್ ಬರುವವರೆಗೆ ಬಲಗಡೆಗೆ ಪಂಪ್ ಹಾಕಬೇಡಿ, ತೆಗೆಯಲೇಬೇಕಿದ್ದರೆ ಕೈಯಿಂದ ಮೆಲ್ಲಗೆ ಹಿಂಡಿ.