ಮಾಳಿಗೆಯ ಕಾವು, ಪಡುವಣ ಗೋಡೆಯ ಹಸಿ: ಕಟ್ಟಡ ಎಂಜಿನಿಯರರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಮನೆಯೊಡತಿ, ವಿಜಯಪುರ):

ಸರ್, ನಮಸ್ಕಾರ. ಆರು ವರ್ಷದ ಹಿಂದೆ ಕಟ್ಟಿಸಿದ ಮನೆಯ ಮೇಲಿನ ಮಹಡಿಯಲ್ಲಿ ವಾಸವಾಗಿದ್ದೇವೆ. ಮಾರ್ಚ್ ಬಂತೆಂದರೆ ಮಲಗುವ ಕೋಣೆಯ ಸ್ಲ್ಯಾಬ್ ರಾತ್ರಿ ಹನ್ನೊಂದರವರೆಗೂ ರೊಟ್ಟಿ ಹಂಚಿನಂತೆ ಕಾಯ್ದಿರುತ್ತದೆ. ಅಂಗಳದಲ್ಲಿ ತಂಪು ಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನು ಬಿಸಿ ಗಾಳಿಯನ್ನೇ ತಿರುವುತ್ತದೆ. ಸ್ಲ್ಯಾಬು ಗೋಡೆಗೆ ಕೂಡುವಲ್ಲಿ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಬಿದ್ದಿದ್ದು, ಮಳೆ ಬಂದಾಗ ಅಲ್ಲಿ ಹಸಿ ಕಾಣುತ್ತದೆ. ಪಿಒಪಿ ಸೀಲಿಂಗ್ ಮಾಡಿಸಿದರೆ ಕಾವೂ ಬಿರುಕೂ ಎರಡೂ ಮುಚ್ಚಿಹೋಗುತ್ತವೆ ಎಂದು ಗುತ್ತಿಗೆದಾರರೊಬ್ಬರು ಹೇಳಿದ್ದಾರೆ. ನಮ್ಮ ಅತ್ತೆಯವರ ಊರಿನ ಮಣ್ಣಿನ ಮಾಳಿಗೆ ಮನೆಯಲ್ಲಿ ಈ ಕಷ್ಟವೇ ಇರಲಿಲ್ಲ. ನಾವು ಏನು ಮಾಡಿಸುವುದು ಸರಿ?

ಉತ್ತರ (ಎಂಜಿನಿಯರ್):

ಅಕ್ಕಾವ್ರೇ, ಸೀಲಿಂಗ್ ಕೆಲಸವನ್ನು ದಯವಿಟ್ಟು ಸದ್ಯಕ್ಕೆ ನಿಲ್ಲಿಸಿರಿ. ನಿಮ್ಮ ಕಾವು, ಬಿರುಕು, ಹಸಿ ಮೂರೂ ಬೇರೆ ಬೇರೆ ತೊಂದರೆಗಳಲ್ಲ. ಮೂರರ ಮೂಲವೂ ಬಿಸಿಲಿಗೆ ಬರಿಮೈಯಲ್ಲಿ ಬಿದ್ದಿರುವ ಸ್ಲ್ಯಾಬಿನ ಮೇಲ್ಮೈಯಲ್ಲಿದೆ.

ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಆದ್ದರಿಂದ ಮೇ ಮೊದಲ ವಾರದ ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ದಕ್ಷಿಣದ ಗೋಡೆಗೆ ನೇರ ಬಿಸಿಲು ತಾಗುವುದೇ ಇಲ್ಲವೆನ್ನಬಹುದು, ಪೂರ್ವ-ಪಶ್ಚಿಮದ ಗೋಡೆಗಳಿಗೆ ಅರ್ಧ ದಿನ ಮಾತ್ರ. ಮಾಳಿಗೆಗಾದರೋ ಬೆಳಗಿನಿಂದ ಸಂಜೆಯವರೆಗೆ. ಐದು ಇಂಚಿನ ಕಾಂಕ್ರೀಟು ಈ ಕಾವನ್ನು ತಡೆಯುವುದಿಲ್ಲ, ನಾಲ್ಕು ತಾಸು ತಡಮಾಡಿ ಒಳಗೆ ದಾಟಿಸುತ್ತದೆ, ಅಷ್ಟೇ. ಮಧ್ಯಾಹ್ನದ ಬಿಸಿಲು ನಿಮಗೆ ಸಂಜೆಯ ಮೇಲೆ ಮಂಚದ ಮೇಲಿಳಿಯುವುದು ಹೀಗೆ. ಅತ್ತೆಯವರ ಮನೆಯ ಮಾಳಿಗೆಯಲ್ಲಿ ಒಂದು ಅಡಿಯಷ್ಟು ಮಣ್ಣಿದ್ದರೆ ಅದೇ ಕಾವು ಒಳಗೆ ಮುಟ್ಟಲು ಎಂಟು-ಹತ್ತು ತಾಸು ಬೇಕು. ಮುಟ್ಟುವ ಹೊತ್ತಿಗೆ ಅದರ ಬಲ ಬಹುಪಾಲು ಇಳಿದು, ಹೊರಗೂ ತಂಪಾಗಿ, ಬೆಳಕಿಂಡಿಯಿಂದ ಬಿಸಿ ಗಾಳಿ ಮೇಲೆ ಹೋಗಿರುತ್ತದೆ.

ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬ ಲೆಕ್ಕಕ್ಕೆ ಯು-ಮೌಲ್ಯ ಎನ್ನುತ್ತೇವೆ. ನಿಮ್ಮಂಥ ಬರಿ ಸ್ಲ್ಯಾಬಿಗೆ ಅದು 3.3ರಿಂದ 3.5 ಬರುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆ ಮಾಳಿಗೆಗೆ 1.2ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. 2018ರ ಆ ಸಂಹಿತೆಯನ್ನು ಬರೆದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಆದರೆ ಬಿಸಿಲು ಸಣ್ಣ ಸೈಟಿಗೆ ರಿಯಾಯಿತಿ ಕೊಡುವುದಿಲ್ಲವಾದ್ದರಿಂದ ನಾನು ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಶಾಖ ತಡೆಯುವ ಗಟ್ಟಿ ಫೋಮಿನ ಹಾಳೆಗೆ ಎಕ್ಸ್‌ಪಿಎಸ್ ಎನ್ನುತ್ತಾರೆ; ಅದನ್ನು ಒಂದು ಇಂಚು ಹಾಸಿದರೆ ಯು-ಮೌಲ್ಯ ಸುಮಾರು 0.95ಕ್ಕೆ, ಎರಡು ಇಂಚು ಹಾಸಿದರೆ 0.55ರ ಆಸುಪಾಸಿಗೆ ಇಳಿಯುತ್ತದೆ.

ಈ ಹಾಳೆಯನ್ನು ಎಲ್ಲಿ ಹಾಕಬೇಕು ಎನ್ನುವಲ್ಲಿಯೇ ಬಹಳ ಜನ ತಪ್ಪುತ್ತಾರೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೀಲ್ ಹಚಿಯನ್ 1960ರ ದಶಕದಲ್ಲಿಯೇ ಇಂಥ ಶಾಖನಿರೋಧಕವನ್ನು ಕಟ್ಟಡದ ಮೂಳೆಯ, ಅಂದರೆ ಭಾರ ಹೊರುವ ಭಾಗದ, ಹೊರಗಡೆ ಇಡಬೇಕೆಂದು ತರ್ಕಬದ್ಧವಾಗಿ ತೋರಿಸಿದರು. ಅವರ ಮುಂದಿದ್ದುದು ಹಿಮ, ನಮ್ಮ ಮುಂದಿರುವುದು ಬಿಸಿಲು; ನಿಯಮ ಮಾತ್ರ ಒಂದೇ. ಕೆಳಗೆ ಸೀಲಿಂಗ್ ಕಟ್ಟಿದರೆ ಕೋಣೆಗೆ ಒಂದಿಷ್ಟು ನೆಮ್ಮದಿ ಸಿಕ್ಕೀತು, ಆದರೆ ಸ್ಲ್ಯಾಬು ಮೊದಲಿನಂತೆಯೇ, ಸ್ವಲ್ಪ ಹೆಚ್ಚಾಗಿಯೇ, ಕಾಯುತ್ತದೆ. ನಲವತ್ತು ಅಡಿ ಉದ್ದದ ಕಾಂಕ್ರೀಟು 30 ಡಿಗ್ರಿ ಕಾಯ್ದು ಆರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಇಟ್ಟಿಗೆ ಗೋಡೆ ಅಷ್ಟು ಹಿಗ್ಗುವುದಿಲ್ಲ. ದಿನವೂ ನಡೆಯುವ ಈ ಎಳೆದಾಟದಿಂದಲೇ ನೀವು ಹೇಳಿದ ಬಿರುಕು ಬಿದ್ದಿರುವ ಸಾಧ್ಯತೆ ಹೆಚ್ಚು. ಸೀಲಿಂಗ್ ಅದನ್ನು ಮರೆಮಾಡುತ್ತದೆ, ಸೋರಿಕೆ ಒಳಗೊಳಗೇ ಸರಳಿಗೆ ತುಕ್ಕು ಹಿಡಿಸುತ್ತದೆ. ಆರು ವರ್ಷದ ಹೊಸ ಮನೆಗೆ ಹಾಗಾಗುವುದನ್ನು ನೋಡಲು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಳೆ ಮೇಲಿದ್ದರೆ ಇನ್ನೊಂದು ದೊಡ್ಡ ಲಾಭವಿದೆ. ಆಗ ಸ್ಲ್ಯಾಬು ಕೋಣೆಯ ಕಡೆಗೆ ಸೇರಿಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆ ಒಣಹವೆಯದು, ರಾತ್ರಿ ಗಾಳಿ ತಂಪಾಗುತ್ತದೆ. ರಾತ್ರಿಯೆಲ್ಲ ಕಿಟಕಿ ತೆರೆದಿಟ್ಟು, ಬೆಳಿಗ್ಗೆ ಒಂಬತ್ತರೊಳಗೆ ಮುಚ್ಚಿದರೆ, ತಣಿದ ಸ್ಲ್ಯಾಬು ಮರುದಿನ ಮಧ್ಯಾಹ್ನದವರೆಗೆ ಕೋಣೆಯ ಕಾವನ್ನು ತಾನೇ ಹೀರಿಕೊಳ್ಳುತ್ತದೆ. ಇದಕ್ಕೆ ತೆರೆಯುವ ಕಿಟಕಿಯ ಅಳತೆ ನೆಲದ ಶೇಕಡಾ 10ರಷ್ಟಾದರೂ ಇರಬೇಕು, ಅಂದರೆ 120 ಚದರ ಅಡಿಯ ಕೋಣೆಗೆ 12 ಚದರ ಅಡಿ.

ಕೆಲಸದ ಕ್ರಮ ಹೀಗಿರಲಿ: ಮೊದಲು ಬಿರುಕು ತುಂಬಿ, ನೀರು ಹರಿಯಲು ನೂರು ಅಡಿಗೆ ಒಂದು ಅಡಿಯ ಇಳಿಜಾರು ಮಾಡಿ, ಪ್ಯಾರಾಪೆಟ್ಟಿನ (ಮಾಳಿಗೆಯ ಅಂಚಿನ ಕಿರುಗೋಡೆಯ) ಬುಡವನ್ನು ದುಂಡಾಗಿ ತಿದ್ದಿ, ವಾಟರ್‌ಪ್ರೂಫಿಂಗ್ ಪದರವನ್ನು ಗೋಡೆಯ ಮೇಲೂ ಒಂದು ಅಡಿ ಏರಿಸಬೇಕು. ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸದೆ ಗೌಂಡಿಗಳನ್ನು ಮುಂದಕ್ಕೆ ಬಿಡಬೇಡಿರಿ. ಅದರ ಮೇಲೆ ಎಕ್ಸ್‌ಪಿಎಸ್ ಹಾಳೆ, ಅದರ ಮೇಲೆ ಜಾಳಿಗೆ ಹಾಕಿದ ತೆಳು ಕಾಂಕ್ರೀಟು, ಕೊನೆಗೆ ಬಿಳಿ ಚೈನಾ ಮೊಸಾಯಿಕ್, ಅಂದರೆ ಒಡೆದ ಟೈಲ್ ಚೂರುಗಳ ಹಾಸು. ನೀರು ತಡೆಯುವ ಪದರ ಹಾಳೆಯ ಕೆಳಗೆ ನೆರಳಿನಲ್ಲಿರುವುದರಿಂದ ಬಿಸಿಲಿಗೆ ಸೀಳುವುದಿಲ್ಲ. ಹಾಳೆಯ ಬದಲು ಸಾದಾ ಥರ್ಮೋಕೋಲ್ ಬೇಡ, ಅದು ನೀರು ಕುಡಿಯುತ್ತದೆ.

ಮರುಪ್ರಶ್ನೆ (ಅದೇ ಮನೆಯೊಡತಿ):

ಬಹಳ ಉಪಕಾರವಾಯಿತು ಸರ್. ನಮ್ಮ ಸ್ಲ್ಯಾಬಿನ ಮೇಲೆ ಈಗಾಗಲೇ ನಾಲ್ಕು ಇಂಚು ಇಟ್ಟಿಗೆ ಚೂರು-ಗಾರೆಯ ಪದರ, ಅಂದರೆ ಕೋಬಾ, ಇದೆ. ಅದರ ಮೇಲೆ ಇಷ್ಟೆಲ್ಲ ಭಾರ ಹಾಕಬಹುದೇ?

ಉತ್ತರ:

ಒಳ್ಳೆಯದನ್ನು ಕೇಳಿದಿರಿ, ಇದನ್ನು ನಾನೇ ಮೊದಲು ಹೇಳಬೇಕಿತ್ತು. ಹಾಳೆಗೆ ಭಾರವೇ ಇಲ್ಲ. ಅದರ ಮೇಲಿನ ಎರಡು ಇಂಚಿನ ಕಾಂಕ್ರೀಟು ಮಾತ್ರ ಚದರ ಮೀಟರಿಗೆ ನೂರು ಕಿಲೋ ದಾಟುತ್ತದೆ. ಕೋಬಾ ಅದಕ್ಕಿಂತ ಹೆಚ್ಚು ಭಾರ. ಆದ್ದರಿಂದ ಮನೆಯ ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಬೇಕಾದರೆ ಕೋಬಾ ತೆಗೆಸಿದ ಮೇಲೆಯೇ ಹೊಸ ಪದರ ಹಾಕಿಸಿರಿ. ಈ ವರ್ಷ ಹಣ ಹೊಂದದಿದ್ದರೆ ಬಿರುಕು ಮುಚ್ಚಿಸಿ, ಬಿಳಿ ಶಾಖ ಪ್ರತಿಫಲನ ಬಣ್ಣವನ್ನಾದರೂ ಬಳಿಸಿರಿ. ಹೊಸ ಬಿಳಿ ಬಣ್ಣ ಬಿಸಿಲಿನ ಶೇಕಡಾ 70-80ನ್ನು ಹಿಂದಕ್ಕೆ ಕಳಿಸುತ್ತದೆ. ನಮ್ಮ ಧೂಳಿಗೆ ಅದು ಬೇಗ ಮಂಕಾಗುವುದರಿಂದ ಪ್ರತಿ ಫೆಬ್ರುವರಿಯಲ್ಲಿ ತೊಳೆಯಬೇಕು.

ಪ್ರಶ್ನೆ (ನಿವೃತ್ತ ಶಿಕ್ಷಕರು, ಬೆಳಗಾವಿ):

ಸರ್, ನಮ್ಮ ತೊಂದರೆ ಇದಕ್ಕೆ ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗೋಡೆಯ ಒಳಮೈ ಹಸಿಯಾಗಿ ಬಣ್ಣ ಹಪ್ಪಳದಂತೆ ಏಳುತ್ತದೆ. ಎರಡು ಸಲ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಹೊಡೆಸಿದೆ, ನಿಲ್ಲಲಿಲ್ಲ.

ಉತ್ತರ:

ಗುರುಗಳೇ, ನಮಸ್ಕಾರ. ಒಳಗಿನ ಬಣ್ಣ ನೀರನ್ನು ತಡೆಯುವುದಿಲ್ಲ, ಗೋಡೆಯಲ್ಲಿ ಕೂಡಿಹಾಕುತ್ತದೆ. ಹೊರಬರಲು ದಾರಿಯಿಲ್ಲದ ನೀರು, ಅದರೊಡನೆ ಬಂದ ಉಪ್ಪು, ಬಣ್ಣವನ್ನು ಹಿಂದಿನಿಂದ ತಳ್ಳುತ್ತವೆ. ಮೇಲೆ ಹೇಳಿದ ಕೆನಡಾದ ಸಂಶೋಧನಾ ಮಂಡಳಿಯವರೇ ಆದ ಜಿ. ಕೆ. ಗಾರ್ಡನ್ 1963ರಲ್ಲಿ ಬರೆದಂತೆ, ಮಳೆ ಗೋಡೆಯೊಳಗೆ ನುಗ್ಗಲು ನೀರು, ಕಿಂಡಿ, ತಳ್ಳುವ ಬಲ ಮೂರೂ ಕೂಡಿರಬೇಕು. ನಿಮ್ಮಲ್ಲಿ ತಳ್ಳುವ ಬಲ ಪಶ್ಚಿಮದ ಮುಂಗಾರು ಗಾಳಿ. ಅದನ್ನು ನಿಲ್ಲಿಸಲಾಗದು, ಉಳಿದೆರಡನ್ನು ನಿಲ್ಲಿಸಬಹುದು. ಗಿಲಾವಿನ ಬಿರುಕು, ಬೀಮು ಇಟ್ಟಿಗೆಗೆ ಕೂಡುವ ಗೆರೆ, ಕಿಟಕಿ ಚೌಕಟ್ಟಿನ ಸುತ್ತ, ಪ್ಯಾರಾಪೆಟ್ಟಿನ ತಲೆ ಇವನ್ನು ಹೊರಗಿನಿಂದ ಮುಚ್ಚಿಸಿರಿ. ಕಿಟಕಿಯ ಮೇಲಿನ ಸಜ್ಜೆಯ ಅಡಿಯಂಚಿನಲ್ಲಿ ಉದ್ದಕ್ಕೆ ಒಂದು ಗೀರು ಕೊರೆಸಿದರೆ ನೀರು ಗೋಡೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಅಷ್ಟಕ್ಕೂ ನಿಲ್ಲದಿದ್ದರೆ ಗೋಡೆಯಿಂದ ಒಂದೂವರೆ ಇಂಚು ಬಿಟ್ಟು, ಪಟ್ಟಿಗಳ ಮೇಲೆ ತಗಡಿನ ಹೊದಿಕೆ ಹಾಕಿಸಿ, ಮೇಲೂ ಕೆಳಗೂ ಗಾಳಿಗೆ ಸಂದು ಇಡಿಸಿರಿ. ಹೊದಿಕೆ ಮಳೆಯನ್ನು ಹೊಡೆಸಿಕೊಳ್ಳುತ್ತದೆ, ದಾಟಿದ ಹನಿ ಸಂದಿನಲ್ಲಿ ಜಾರಿ ಕೆಳಗಿಳಿಯುತ್ತದೆ, ಗಾಳಿ ಉಳಿದದ್ದನ್ನು ಆರಿಸುತ್ತದೆ. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದೂ ಇದೇ ವಿದ್ಯೆ. ಒಳಗಿನ ಹಳೆಯ ಬಣ್ಣವನ್ನು ಕೆರೆಸಿ, ಗೋಡೆ ಒಂದು ಬೇಸಿಗೆ ಪೂರ್ತಿ ಆರಿದ ಮೇಲೆ ಬರಿಯ ಸುಣ್ಣ ಬಳಿಸಿರಿ.