‘ಸಕ್ರಿಯ’ ಸೂಕ್ಷ್ಮಜೀವಿ ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ (ಉಪ್ಪುನೀರು ಬಂದುಹೋಗುವ ಗದ್ದೆಗಳ) ಬಗ್ಗೆ ಕುಮಟಾ ಕಡೆಯ ರೈತರಿಗಾಗಿ ಒಂದು ಸಣ್ಣ ಬರಹ ಮಾಡುತ್ತಿದ್ದೇನೆ. ಅಲ್ಲಿ ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತಕ್ಕೆ ಹೊರಗಿನ ಗೊಬ್ಬರ ಹಾಕುವ ರೂಢಿ ಇಲ್ಲ ಅಲ್ವಾ, ಹಾಗಾದರೆ ಅಲ್ಲಿ ಸಾರಜನಕ ಹೇಗೆ ಓಡಾಡುತ್ತದೆ ಎಂದು ಶುರು ಮಾಡಿ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಣ್ಣದ ಗುರುತು ಹಚ್ಚಿ ನೋಡುವ ವಿಧಾನಗಳಿಗೆ ಬಂದೆ. ಅಲ್ಲಿ ‘ಸಕ್ರಿಯ’ ಎಂಬ ಪದ ಕೈಕೊಟ್ಟಿತು.

ಒಂದು ವಿಧಾನ ಫಿಶ್. ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಜೀವಿಯ ಆರ್‌ಎನ್‌ಎಗೆ ಬಣ್ಣದ ತುಣುಕು ಅಂಟಿಸಿ, ಅಲ್ಲಿ ಯಾವ ಜಾತಿಯವರು ಇದ್ದಾರೆ ಎಂದು ನೋಡುತ್ತಾರೆ. ಆದರೆ ಮಲಗಿರುವ ಜೀವಿಯಲ್ಲೂ ಆರ್‌ಎನ್‌ಎ ಉಳಿದಿರಬಹುದು. ಇನ್ನೊಂದು ಬಾನ್‌ಕ್ಯಾಟ್. ಮೆಥಿಯೋನಿನ್‌ನಂತೆಯೇ ಇರುವ ಬೇರೆ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ) ಉಣಿಸಿದರೆ, ಹೊಸ ಪ್ರೋಟೀನ್ ಕಟ್ಟುತ್ತಿರುವ ಜೀವಿಗಳು ಮಾತ್ರ ಅದನ್ನು ಸೇರಿಸಿಕೊಳ್ಳುತ್ತವೆ, ಆಮೇಲೆ ಅದಕ್ಕೆ ಬಣ್ಣ ಕೊಂಡಿ ಹಾಕುತ್ತಾರೆ. ಈ ಕೊಂಡಿ ಹಾಕುವ ಕ್ಲಿಕ್ ರಸಾಯನಶಾಸ್ತ್ರಕ್ಕೇ 2022ರ ನೊಬೆಲ್ ಬಂತು.

ನನಗೆ ಜಾಸ್ತಿ ಇಷ್ಟವಾಗಿದ್ದು ಮೂರನೆಯದು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಅಮೋನಿಯಾ ಮೊನೊಆಕ್ಸಿಜನೇಸ್ ಎಂಬ ಕಿಣ್ವ ಇದೆ. ಅದಕ್ಕೆ 1,7-ಆಕ್ಟಾಡೈಯೈನ್ ಎಂಬ ವಸ್ತು ಕೊಟ್ಟರೆ ಕಿಣ್ವ ಎಂದಿನಂತೆ ಅದರ ಮೇಲೂ ಕೆಲಸಕ್ಕೆ ಕೈ ಹಾಕುತ್ತದೆ. ಕೈ ಹಾಕಿದ್ದಕ್ಕೇ ಅಂಟಿಕೊಂಡು ಕೆಟ್ಟು ನಿಲ್ಲುತ್ತದೆ. ವಸ್ತುವಿನ ಇನ್ನೊಂದು ತುದಿ ಖಾಲಿ ಇರುತ್ತದಲ್ಲ, ಬಣ್ಣ ಅಲ್ಲಿಗೆ. ಕೆಲಸ ಮಾಡದ ಕಿಣ್ವಕ್ಕೆ ಈ ಬಣ್ಣ ಹತ್ತುವುದೇ ಇಲ್ಲ.

ಕೊನೆಯ ಈ ಎರಡು ವಿಧಾನಗಳಲ್ಲಿ ಬಣ್ಣ ಹತ್ತಿದವರಿಗೆಲ್ಲ ಸುಮ್ನೆ ‘ಸಕ್ರಿಯ’ ಎಂದರೆ ಪ್ರೋಟೀನ್ ಕಟ್ಟುವವರೂ ಅಮೋನಿಯಾ ತಿನ್ನುವವರೂ ಒಂದೇ ಆಗಿಬಿಡುತ್ತಾರೆ. ಕೋವಿಡ್ ಕಾಲದ ‘ಸಕ್ರಿಯ ಪ್ರಕರಣ’ದಿಂದ ಪದಕ್ಕೆ ರೋಗದ ವಾಸನೆಯೂ ಹತ್ತಿದೆ. ‘ನಿಷ್ಕ್ರಿಯ’ ಇನ್ನೂ ಕಷ್ಟ. ಮಲಗಿರುವ ಜೀವಿಗೆ ಹಾಗೆ ಬರೆದರೆ ಸತ್ತದ್ದು ಎಂದು ಓದುತ್ತಾರೆ, ಮೇಲಿನ ಕೆಟ್ಟುನಿಂತ ಕಿಣ್ವಕ್ಕೂ ಅದೇ ಪದ ಬೇಕಾಗುತ್ತದೆ. ‘ಸಕ್ರಿಯ ಜೀವಿಯ ನಿಷ್ಕ್ರಿಯ ಕಿಣ್ವ ಹೊಳೆಯಿತು’ ಎಂದು ಒಮ್ಮೆ ಬರೆದು, ನನಗೇ ಅರ್ಥವಾಗದೆ ಹೊಡೆದುಹಾಕಿದೆ.

ಹೊಳೆಯುವುದರಲ್ಲೂ ಒಂದು ತಕರಾರು ಬಂತು. ಕಾರವಾರದ ಗೆಳತಿ ಓದಿ, ರಾತ್ರಿ ಕಡಲಲ್ಲಿ ನೀಲಿಯಾಗಿ ಮಿನುಗುತ್ತದಲ್ಲ ಅದೇನಾ ಎಂದಳು. ಅಲ್ಲ. ಅದು ಜೀವಿಯ ಸ್ವಂತ ಬೆಳಕು. ಇದು ನಾವು ಹಚ್ಚಿದ ಬಣ್ಣ, ಅದರ ಮೇಲೆ ಬೆಳಕು ಬಿಟ್ಟಾಗ ಮಾತ್ರ ಬೇರೆ ಬಣ್ಣದ ಬೆಳಕು ವಾಪಸ್ ಕೊಡುತ್ತದೆ. ಹಾಗಾಗಿ ಇದಕ್ಕೆ (ಇಂಗ್ಲಿಷಿನ ಫ್ಲೋರೆಸೆನ್ಸ್) ‘ಪ್ರತಿದೀಪ್ತಿ’ಯನ್ನೇ ಉಳಿಸಿಕೊಂಡೆ, ಪ್ರತಿಯಾಗಿ ಬರುವ ಬೆಳಕು ಎಂದು ಪದವೇ ಹೇಳುತ್ತದೆ.

‘ಸಕ್ರಿಯ’ಕ್ಕೆ ಈಗ ‘ದುಡಿಯುವ’ ಎಂದು ಬರೆದಿದ್ದೇನೆ: ಅಮೋನಿಯಾ ದುಡಿಮೆಯ ಬ್ಯಾಕ್ಟೀರಿಯಾ. ಯಾವ ದುಡಿಮೆ ಎಂದು ಮುಂದೆ ಸೇರಿಸಲು ಜಾಗ ಇದೆ. ಹಳಗನ್ನಡದ ‘ಗೆಯ್’ನಿಂದ ಬಂದ ‘ಗೆಯ್ಮೆ’ ಇನ್ನೂ ಚೆಂದ, ಹೊಲದ ಕೆಲಸದ ಪದವೇ ಅದು. ಆದರೆ ನಮ್ಮ ಕಡೆ ನಾನು ಅದನ್ನು ಬಾಯಲ್ಲಿ ಕೇಳಿಲ್ಲ. ಶಿರಸಿ, ಅಂಕೋಲಾ, ಹೊನ್ನಾವರದವರು ಕೇಳಿದ್ದೀರಾ? ಸಾಯದೆ ಸುಮ್ಮನೆ ಬಿದ್ದಿರುವುದಕ್ಕೆ, ಬೀಜಕ್ಕಾಗಲಿ ಮಣ್ಣಿಗಾಗಲಿ, ನಿಮ್ಮ ಮನೆಯಲ್ಲಿ ಯಾವ ಪದ ಬಳಸುತ್ತಾರೆ?