ತಾಮ್ರದ ನಾಣ್ಯಕ್ಕೆ 40 ಸ್ಟೈವರ್ ಬೆಲೆ ಇರುತ್ತಾ?

ಪ್ರಶ್ನೆ: ಸರ್, ನೆದರ್ಲ್ಯಾಂಡ್ಸ್‌ನಲ್ಲಿರುವ ನನ್ನ ತಂಗಿ ಒಂದು ತಾಮ್ರದ ನಾಣ್ಯದ ಫೋಟೊ ಕಳಿಸಿದ್ದಾಳೆ. ಮಾಸ್ಟ್ರಿಕ್ಟ್ ಊರಿನದು, 1579ರದು, 40 ಸ್ಟೈವರ್ (ಅಲ್ಲಿನ ಹಳೆಯ ಹಣ) ಮುಖಬೆಲೆಯದು ಅಂತ ಮಾರುವವರು ಹೇಳುತ್ತಿದ್ದಾರೆ. ಅಷ್ಟು ದೊಡ್ಡ ಮೊತ್ತ ಬರೀ ತಾಮ್ರದಲ್ಲಿ ಇರುತ್ತಾ? ನಕಲಿ ಇರಬಹುದಾ?

ಉತ್ತರ: ತಾಮ್ರದ್ದು ಅನ್ನೋ ಒಂದೇ ಕಾರಣಕ್ಕೆ ಅನುಮಾನ ಬೇಡ. 20 ಸ್ಟೈವರ್‌ಗೆ ಒಂದು ಗಿಲ್ಡರ್. 40 ಅಂದರೆ ಎರಡು ಗಿಲ್ಡರ್, ಮಾಮೂಲಿ ದಿನಗಳಲ್ಲಾದರೆ ಬೆಳ್ಳಿಯಲ್ಲೇ ಕೊಡಬೇಕಾದ ಮೊತ್ತ. ಆದರೆ 1579ರ ಮಾರ್ಚ್‌ನಲ್ಲಿ ಸ್ಪೇನ್ ದೊರೆಯ ಸೇನಾಪತಿ ಪಾರ್ಮಾ, ದೊರೆಯ ವಿರುದ್ಧ ದಂಗೆ ಎದ್ದಿದ್ದ ಈ ಊರನ್ನು ಸುತ್ತುವರಿದ. ಹೊರಗಿನಿಂದ ಹಣ ಬರುವ ದಾರಿ ಮುಚ್ಚಿಹೋಯಿತು. ಒಳಗಿದ್ದ ಸೈನಿಕರಿಗೆ ಸಂಬಳ ಕೊಡಲೇಬೇಕು, ಊಟ ತಿಂಡಿಯ ವ್ಯಾಪಾರ ನಡೆಯಲೇಬೇಕು. ಹಾಗಾಗಿ ತಾಮ್ರಕ್ಕೇ ದೊಡ್ಡ ಬೆಲೆಯ ಮುದ್ರೆ ಒತ್ತಿದರು. ಆ ಬೆಲೆ ಲೋಹದ್ದಲ್ಲ, ಊರಿನ ಆಡಳಿತ ಕೊಟ್ಟ ಮಾತಿನದು. ಲೈಡನ್ ಊರಿನವರಂತೂ 1574ರ ಮುತ್ತಿಗೆಯಲ್ಲಿ ಕಾಗದವನ್ನೇ ಒತ್ತಿ ನಾಣ್ಯ ಮಾಡಿದ್ದರು.

ಫೋಟೊದಲ್ಲಿ ಮಾಸ್ಟ್ರಿಕ್ಟ್‌ನ ಲಾಂಛನವಾದ ನಕ್ಷತ್ರ ಇದೆಯಾ ನೋಡಿ. ಇನ್ನೊಂದು ಮುಖದಲ್ಲಿ ಸಾಲುಸಾಲಾಗಿ ಲ್ಯಾಟಿನ್ ಬರಹ ಇರಬೇಕು: ‘ಟ್ರಯೆಕ್ಟೊ ಅಬ್ ಹಿಸ್ಪಾನಿಸ್ ಒಬ್ಸೆಸ್ಸೊ’ ಅಂತ ಶುರುವಾಗುತ್ತದೆ. ಸ್ಪೇನಿನವರು ಮುತ್ತಿಗೆ ಹಾಕಿದ್ದಾಗ, ನ್ಯಾಯವಾದ ಹೋರಾಟವನ್ನು ಕಾಪಾಡಲು ಮಾಡಿದ್ದು ಅನ್ನೋದು ಅದರ ಒಟ್ಟು ಅರ್ಥ. ದಿನಸಿಗೆ ಕೊಡುವ ದುಡ್ಡಿನ ಮೇಲೆ ಇಷ್ಟು ನೇರವಾಗಿ ತಮ್ಮ ಪಕ್ಷ ಹೇಳಿಕೊಂಡಿದ್ದಾರಲ್ಲ, ನನಗೆ ಈ ನಾಣ್ಯ ಇಷ್ಟವಾಗುವುದೇ ಅದಕ್ಕೆ.

ಪ್ರಶ್ನೆ: ಎರಡೂ ಇವೆ ಸರ್. ಮುತ್ತಿಗೆ ಮುಗಿದ ಮೇಲೆ ಇದನ್ನು ಕೊಟ್ಟು ಬೆಳ್ಳಿ ಪಡೆಯಬಹುದಿತ್ತಾ?

ಉತ್ತರ: ಮುತ್ತಿಗೆ ನಾಣ್ಯಗಳ ಹಿಂದಿನ ಭರವಸೆಯೇ ಅದು. ಆದರೆ ಜೂನ್ 29ಕ್ಕೆ ಊರು ಬಿದ್ದುಹೋಯಿತು. ಸ್ಪೇನಿನ ಸೈನಿಕರು ಒಳನುಗ್ಗಿ ಜನರನ್ನು ಕೊಂದರು, ಮನೆಗಳನ್ನು ದೋಚಿದರು. ಮಾತು ಕೊಟ್ಟ ಆಡಳಿತವೇ ಇಲ್ಲವಾದಾಗ ಕೈಯಲ್ಲಿ ಉಳಿದದ್ದು ಬರೀ ತಾಮ್ರ.

ಪ್ರಶ್ನೆ: ಹಾಗಾದರೆ ಕೊಳ್ಳಬಹುದಾ?

ಉತ್ತರ: ಫೋಟೊ ನೋಡಿ ಹೌದು ಅನ್ನಲಾರೆ. ಮುತ್ತಿಗೆ ನಾಣ್ಯಗಳ ನಕಲು ಜಾಸ್ತಿ. ತಂಗಿಗೆ ನಾಣ್ಯದ ಅಂಚನ್ನು ಭೂತಗನ್ನಡಿಯಲ್ಲಿ ನೋಡಲು ಹೇಳಿ. ಸುತ್ತಲೂ ಸಣ್ಣ ಗೆರೆಯಂಥ ಬೆಸುಗೆ ಗುರುತಿದ್ದರೆ, ಮೈಮೇಲೆ ಗುಳ್ಳೆಯಂಥ ಸಣ್ಣ ತೂತುಗಳಿದ್ದರೆ ಅದು ಅಚ್ಚಿಗೆ ಎರಕ ಹೊಯ್ದದ್ದು. ಅಸಲಿಯನ್ನು ಸುತ್ತಿಗೆಯಿಂದ ಬಡಿದು ಮಾಡಿದ್ದು. ಆಕಾರ ಸೊಟ್ಟಗಿದ್ದರೆ, ಮುದ್ರೆ ಒಂದು ಕಡೆ ಸರಿದಿದ್ದರೆ ಪರವಾಗಿಲ್ಲ. ಹಿಂದೆ ಯಾರ ಸಂಗ್ರಹದಲ್ಲಿತ್ತು ಅನ್ನೋ ಕಾಗದ ಕೇಳಿ. ಹುಣಸೆಹಣ್ಣು ಹಾಕಿ ತೊಳೆಯೋದಂತೂ ಬೇಡವೇ ಬೇಡ, ಮೇಲಿನ ಹಳೆಯ ಬಣ್ಣ ಹೋದರೆ ಬೆಲೆಯೂ ಹೋಯಿತು.

ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಇಲ್ಲಿಗೆ ತರಿಸಿಕೊಂಡರೆ ಮತ್ತೆ ಹೊರದೇಶಕ್ಕೆ ಮಾರೋದು ಕಷ್ಟ. ಮುಂದೆ ಮಾರುವ ಯೋಚನೆ ಇದ್ದರೆ ತಂಗಿಯ ಹತ್ತಿರವೇ ಇರಲಿ.